ಭಾವಚಿತ್ರದ ಬೆಲೆ, ಗ್ಯಾಲರಿಯ ಪಾಲು

ಭಾವಚಿತ್ರ ಕಲಾವಿದರ ವ್ಯವಹಾರದಲ್ಲಿ ‘ಆರ್ಡರ್’ ಬೇರೆ, ‘ಕಮಿಷನ್’ ಬೇರೆ: ಮುಂಗಡ ಪಡೆದು ಗ್ರಾಹಕರು ಹೇಳಿದವರ ಚಿತ್ರ ಬರೆದುಕೊಡುವುದು ಆರ್ಡರ್, ಆ ಗ್ರಾಹಕರನ್ನು ಕರೆತಂದವರು ಬೆಲೆಯಲ್ಲಿ ಹಿಡಿದುಕೊಳ್ಳುವ ಪಾಲು ಕಮಿಷನ್. ಮಂಡ್ಯ, ಮದ್ದೂರು, ಮಳವಳ್ಳಿಗಳಲ್ಲಿ ತೀರಿಹೋದ ಹಿರಿಯರ ಚಿತ್ರವನ್ನೋ ನಾಲ್ವಡಿ ಕೃಷ್ಣರಾಜ ಒಡೆಯರ ಚಿತ್ರವನ್ನೋ ಬರೆಸುವವರಿಗೆ ಕಲಾವಿದನನ್ನು ತೋರಿಸಿಕೊಡುವುದು ಸಾಮಾನ್ಯವಾಗಿ ಫೋಟೋಗೆ ಕಟ್ಟು ಹಾಕುವ ಅಂಗಡಿ. ಹೆಚ್ಚಿನ ಬೆಲೆ ಬೇಕೆಂದರೆ ಬೆಂಗಳೂರು, ಮೈಸೂರುಗಳ ಗ್ಯಾಲರಿಗಳತ್ತ ಮುಖ ಮಾಡಬೇಕು.

ಗ್ಯಾಲರಿಗಳು ಮಾರಾಟದ ಬೆಲೆಯಲ್ಲಿ ಮೂರನೇ ಒಂದರಿಂದ ಅರ್ಧದವರೆಗೆ ಪಾಲು ಕೇಳುವುದುಂಟು. ಗೋಡೆ, ದೀಪ, ಆಮಂತ್ರಣ, ಕೊಳ್ಳುವವರ ಪರಿಚಯ ಇವೆಲ್ಲ ಅವರದೇ ಆಗಿದ್ದರೆ ಅದನ್ನು ಅನ್ಯಾಯವೆನ್ನಲಾಗದು. ಜಗಳ ಹುಟ್ಟುವುದು ಲೆಕ್ಕದ ಮೂಲೆಗಳಲ್ಲಿ. ಕಟ್ಟೂ ಸೇರಿ 20,000 ರೂಪಾಯಿಗೆ ಮಾರಾಟವಾದ ಚಿತ್ರಕ್ಕೆ ಶೇ. 40ರ ಕಮಿಷನ್ ಹಿಡಿದು, ಕಲಾವಿದನೇ ತೆತ್ತ ಕಟ್ಟಿನ 3,000 ರೂಪಾಯಿಯನ್ನೂ ಕಳೆದರೆ ಅವನ ಕೈಗೆ ಉಳಿಯುವುದು 9,000. ಕಟ್ಟಿನ ಬೆಲೆಯನ್ನು ಬದಿಗಿಟ್ಟು ಕಮಿಷನ್ ಹಾಕಿದ್ದರೆ 10,200 ಉಳಿಯುತ್ತಿತ್ತು.

ಇದಕ್ಕಿಂತ ಬಿಗಿಯಾದ ಗಂಟು ಸ್ವಂತ ಪ್ರಚಾರದ್ದು. ಮೊಬೈಲಿನಲ್ಲಿ ತಾನೇ ಹಾಕಿದ ಚಿತ್ರವನ್ನು ಕಂಡೋ, ಜನವರಿಯಲ್ಲಿ ಚಿತ್ರಕಲಾ ಪರಿಷತ್ತು ನಡೆಸುವ ಚಿತ್ರಸಂತೆಯ ಮಳಿಗೆಯಲ್ಲಿ ನೋಡಿಯೋ ಬಂದ ಗ್ರಾಹಕರ ಆರ್ಡರಿನಲ್ಲೂ ಗ್ಯಾಲರಿ ಪಾಲು ಕೇಳುವುದು ಸಲ್ಲದು. ಹಾಗೆಯೇ ಗ್ಯಾಲರಿಯ ಗೋಡೆಯ ಮೇಲೆ ಚಿತ್ರ ಕಂಡವರನ್ನು ಹಿಂಬಾಗಿಲಿನಿಂದ ಮನೆಗೆ ಕರೆದು ಬೆಲೆ ಇಳಿಸುವ ಕಲಾವಿದನೂ ಸಾಚಾ ಅಲ್ಲ. 1885ರಲ್ಲಿ ಮೈಸೂರಿನ ಅರಮನೆಗೆ ಬಂದು ಭಾವಚಿತ್ರಗಳನ್ನು ಬರೆದ ರಾಜಾ ರವಿವರ್ಮನಿಗೆ ಗ್ಯಾಲರಿಯ ಹಂಗಿರಲಿಲ್ಲ, ನೆರವಿಗೆ ತಮ್ಮ ರಾಜರಾಜ ವರ್ಮನಿದ್ದ; ಅಂಥ ತಮ್ಮಂದಿರು ಎಲ್ಲರಿಗೂ ಸಿಗುವುದಿಲ್ಲ.

ಕಲಾವಿದರನೇಕರು ಗಮನಿಸದ ಇನ್ನೊಂದು ಸಂಗತಿ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿದೆ. ಕೃತಿಸ್ವಾಮ್ಯವೆಂದರೆ ಕೃತಿಯ ಪ್ರತಿ ತೆಗೆಯುವ, ಪ್ರಕಟಿಸುವ ಹಕ್ಕು. ಅದರ 17ನೇ ಕಲಮಿನಂತೆ, ಬೇರೆ ಒಪ್ಪಂದವಿಲ್ಲದಿದ್ದರೆ, ಹಣ ಕೊಟ್ಟು ಬರೆಸಿದ ಭಾವಚಿತ್ರದ ಈ ಹಕ್ಕಿಗೆ ಮೊದಲ ಒಡೆಯ ಬರೆಸಿದವನೇ ಹೊರತು ಬರೆದವನಲ್ಲ. ಚಿತ್ರ ತನ್ನದೆಂದು ಹೇಳಿಕೊಳ್ಳುವ ಹಕ್ಕನ್ನು 57ನೇ ಕಲಮು ಕಲಾವಿದನಿಗೇ ಉಳಿಸಿದೆಯಾದರೂ, ಪ್ರಚಾರಕ್ಕಾಗಿ ಅದರ ಪ್ರತಿಯನ್ನು ಹಂಚಲು ಗ್ರಾಹಕರ ಒಪ್ಪಿಗೆಯನ್ನು ಬರಹದಲ್ಲಿ ಪಡೆದಿರುವುದೇ ಕ್ಷೇಮ.

ಬೆಲ್ಲದ ಪೇಟೆಯೆಂದು ಹೆಸರಾದ ಮಂಡ್ಯದ ಮಂಡಿಯಲ್ಲಿ ತೂಕ, ದರ, ಕಳೆದ ಖರ್ಚು ಎಲ್ಲಕ್ಕೂ ಚೀಟಿಯುಂಟು. ವಾರಗಟ್ಟಲೆ ಕೂತು ಬರೆದ ಮುಖಕ್ಕೆ ಮಾತ್ರ ಬಾಯಿಮಾತು ಸಾಕೆಂಬ ಔದಾರ್ಯ ಎಲ್ಲಿಂದ ಬಂತೋ ತಿಳಿಯದು. ಕಮಿಷನ್ ಎಷ್ಟು, ಕಟ್ಟಿನ ಖರ್ಚು ಯಾರದು, ಯಾರು ಕರೆತಂದ ಗ್ರಾಹಕರಿಗೆ ಅದು ಅನ್ವಯಿಸುತ್ತದೆ, ಪ್ರದರ್ಶನ ಮುಗಿದ ಮೇಲೆ ಎಷ್ಟು ತಿಂಗಳವರೆಗೆ ನಡೆಯುತ್ತದೆ, ಹಣ ಯಾವಾಗ ಕೈಸೇರುತ್ತದೆ ಎಂಬುದನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲೇ ಬರೆದು, ಇಬ್ಬರೂ ಸಹಿ ಹಾಕಿದ ಮೇಲೆಯೇ ಕಲಾವಿದ ಚಿತ್ರವನ್ನು ಗ್ಯಾಲರಿಗೆ ಒಪ್ಪಿಸಲಿ.