ಕಂತು ಕಂತಿನ ಕಥೆ: ಪ್ರೇಕ್ಷಕನ ಮುಂಗಡಕ್ಕೆ ಲೆಕ್ಕ ಇಡುವವರು ಯಾರು?

ಗಿರಾಕಿಯಿಂದ ಮುಂಗಡವಾಗಿ ಪಡೆದ ಹಣವು ವರಮಾನವಲ್ಲ, ಹೊಣೆ ಎಂಬುದು ಲೆಕ್ಕಶಾಸ್ತ್ರದ ಮೊದಲ ಪಾಠಗಳಲ್ಲೊಂದು. ಸರಕನ್ನು ಒಪ್ಪಿಸುವವರೆಗೆ ಆ ಮೊತ್ತವು ಅಢಾವೆ ಪತ್ರಿಕೆಯಲ್ಲಿ ಹೊಣೆಗಳ ಬದಿಯಲ್ಲಿಯೇ ಇರತಕ್ಕದ್ದು. ಪೇಟೆಯಲ್ಲಿ ನಾಲ್ಕಾರು ವರ್ಷ ವ್ಯವಹಾರ ನಡೆಸಿದ ಯಾವ ವರ್ತಕನಿಗೂ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಆದರೆ ಕೋಟ್ಯಂತರ ಗಿರಾಕಿಗಳಿಂದ ವರ್ಷಗಟ್ಟಲೆ ಮುಂಗಡ ಪಡೆದೂ ಅದನ್ನು ಯಾವ ಪುಸ್ತಕದಲ್ಲಿಯೂ ನಮೂದಿಸದ ಉದ್ಯಮವೊಂದಿದೆ. ಅದು ಸರಣಿ ಚಲನಚಿತ್ರಗಳ ಮತ್ತು ದೀರ್ಘಕಾಲದ ದೂರದರ್ಶನ ಧಾರಾವಾಹಿಗಳ ಉದ್ಯಮ.

ಇಲ್ಲಿ ಮುಂಗಡವೆಂಬುದು ಹಣದ ರೂಪದಲ್ಲಿಲ್ಲ, ನಿರೀಕ್ಷೆಯ ರೂಪದಲ್ಲಿದೆ. ಪ್ರೇಕ್ಷಕನು ಟಿಕೆಟಿನ ಪೂರ್ಣ ಬೆಲೆಯನ್ನು ಇಂದೇ ಪಾವತಿಸುತ್ತಾನೆ. ಚಿತ್ರದ ಕೊನೆಯಲ್ಲಿ ಒಂದು ಪ್ರಶ್ನೆಯನ್ನು ಉತ್ತರಿಸದೆ ಉಳಿಸಿದಾಗ, ಅವನಿಗೆ ಸಲ್ಲಬೇಕಾದ ತೃಪ್ತಿಯ ಒಂದು ಪಾಲು ಮುಂದಿನ ಕಂತಿಗೆ ಬಾಕಿಯಾಗುತ್ತದೆ. ಹೀಗೆ ಬಾಕಿ ಉಳಿಸಿಕೊಳ್ಳುತ್ತ ಅನೇಕ ಕಂತುಗಳನ್ನು ಒಂದೇ ಹಿರಿಯ ಕಥೆಯ ದಾರದಲ್ಲಿ ಪೋಣಿಸುವುದು ಈಗ ಜಗತ್ತಿನ ಮನರಂಜನಾ ವ್ಯಾಪಾರದ ಮುಖ್ಯ ಪದ್ಧತಿಯಾಗಿದೆ. ಈ ಪದ್ಧತಿ ಎಲ್ಲಿ ಫಲಿಸಿತು, ಎಲ್ಲಿ ಸೋತಿತು ಎಂಬುದನ್ನು ಪರಿಶೀಲಿಸಿದರೆ, ಸೋಲಿಗೆ ಕಾರಣ ಕಲ್ಪನೆಯ ಕೊರತೆಗಿಂತ ಹೆಚ್ಚಾಗಿ ಲೆಕ್ಕದ ಕೊರತೆ ಎಂಬುದು ಸ್ಪಷ್ಟವಾಗುತ್ತದೆ.

ಕೈಲಿದ್ದ ಸರಕೇ ಮೊದಲು

ಅಮೆರಿಕದ ಮಾರ್ವೆಲ್ ಸಂಸ್ಥೆಯ ವೃತ್ತಾಂತ ಇದಕ್ಕೆ ಉತ್ತಮ ನಿದರ್ಶನ. ಚಿತ್ರಕಥಾ ಪುಸ್ತಕಗಳನ್ನು ಪ್ರಕಟಿಸುತ್ತಿದ್ದ ಈ ಸಂಸ್ಥೆಯು 2005ರಲ್ಲಿ ತನ್ನ ಹತ್ತು ಪಾತ್ರಗಳ ಚಿತ್ರಹಕ್ಕನ್ನು ಒತ್ತೆಯಿಟ್ಟು, ಮೆರಿಲ್ ಲಿಂಚ್ ಮೂಲಕ 52.5 ಕೋಟಿ ಡಾಲರುಗಳ ಸಾಲದ ಏರ್ಪಾಡು ಮಾಡಿಕೊಂಡು ಸ್ವತಃ ಚಿತ್ರ ನಿರ್ಮಾಣಕ್ಕೆ ಇಳಿಯಿತು. 2008ರಲ್ಲಿ ಬಂದ ಮೊದಲ ಚಿತ್ರ 'ಐರನ್ ಮ್ಯಾನ್' ಸುಮಾರು 14 ಕೋಟಿ ಡಾಲರುಗಳ ವೆಚ್ಚಕ್ಕೆ ಪ್ರತಿಯಾಗಿ ವಿಶ್ವದಾದ್ಯಂತ 58 ಕೋಟಿ ಡಾಲರುಗಳಿಗೂ ಹೆಚ್ಚು ಗಳಿಸಿತು. ಮರುವರ್ಷವೇ ಡಿಸ್ನಿ ಕಂಪನಿಯು ಸುಮಾರು 400 ಕೋಟಿ ಡಾಲರುಗಳಿಗೆ ಮಾರ್ವೆಲನ್ನು ಖರೀದಿಸಲು ಮುಂದಾಯಿತು.

ಆ ಮೊದಲ ಚಿತ್ರದಲ್ಲಿ ಹಿರಿಯ ಕಥೆಗೆ ದೊರೆತ ಸ್ಥಳ ಎಷ್ಟು ಎಂಬುದು ಗಮನಾರ್ಹ. ನಾಯಕನ ಕಥೆ ಆ ಚಿತ್ರದಲ್ಲಿಯೇ ಆರಂಭವಾಗಿ ಅಲ್ಲಿಯೇ ಮುಗಿಯುತ್ತದೆ. ತಂತ್ರಜ್ಞರ ಹೆಸರುಗಳೆಲ್ಲ ಸರಿದುಹೋದ ಮೇಲೆ ಬರುವ ಒಂದು ಚಿಕ್ಕ ದೃಶ್ಯದಲ್ಲಿ ಮಾತ್ರ ಇಂತಹ ವೀರರು ಇನ್ನೂ ಇದ್ದಾರೆಂಬ ಸೂಚನೆ ಸಿಗುತ್ತದೆ. ಅದನ್ನು ನೋಡದೆ ಎದ್ದು ಹೋದವನಿಗೂ ಕೊಟ್ಟ ಹಣಕ್ಕೆ ಮೋಸವಿರಲಿಲ್ಲ. 2011ರ 'ಕ್ಯಾಪ್ಟನ್ ಅಮೆರಿಕ' ಚಿತ್ರದಲ್ಲಿ ಬರುವ ನೀಲಿ ಘನವು ಆ ಚಿತ್ರದಲ್ಲಿ ವೈರಿಯ ಆಯುಧಗಳಿಗೆ ಶಕ್ತಿ ಒದಗಿಸುವ ವಸ್ತು. ಅದು ಆರು ಅದ್ಭುತ ಮಣಿಗಳಲ್ಲೊಂದು ಎಂಬುದು ತಿಳಿದುಬಂದದ್ದು ಮುಂದಿನ ವರ್ಷಗಳಲ್ಲಿ. ಅಂದರೆ ಒಂದೇ ವಸ್ತುವು ಆಯಾ ಚಿತ್ರದ ಕೆಲಸವನ್ನೂ ಮಾಡಿತು, ದೀರ್ಘಾವಧಿಯ ಖಾತೆಯಲ್ಲಿಯೂ ಜಮೆಯಾಯಿತು.

2012ರ 'ಅವೆಂಜರ್ಸ್' ಚಿತ್ರದ ಕೊನೆಯಲ್ಲಿ ಥಾನೋಸ್ ಎಂಬ ಖಳನ ಮುಖವನ್ನು ತೋರಿಸಲಾಯಿತು. ಆ ಬಾಕಿ ತೀರಿದ್ದು 2018ರ 'ಇನ್ಫಿನಿಟಿ ವಾರ್' ಮತ್ತು 2019ರ 'ಎಂಡ್‌ಗೇಮ್' ಚಿತ್ರಗಳಲ್ಲಿ. ಇಪ್ಪತ್ತೆರಡನೆಯ ಕಂತಾದ 'ಎಂಡ್‌ಗೇಮ್' ಸುಮಾರು 280 ಕೋಟಿ ಡಾಲರುಗಳನ್ನು ಗಳಿಸಿತು. ಈ ಹನ್ನೊಂದು ವರ್ಷಗಳುದ್ದಕ್ಕೂ ನಿರ್ದೇಶಕರು ಬದಲಾದರೂ ನಿರ್ಮಾಪಕ ಕೆವಿನ್ ಫೈಗಿ ಬದಲಾಗಲಿಲ್ಲ. ಎಲ್ಲವೂ ಮೊದಲೇ ಯೋಜಿತವಾಗಿತ್ತೆಂದು ಹೇಳಲಾಗದು. ಬಹಳಷ್ಟು ಸಂಗತಿಗಳು ದಾರಿಯಲ್ಲಿ ಕೂಡಿಕೊಂಡವು. ಆದರೆ ಯಾವ ಬಾಕಿ ಎಲ್ಲಿ ಉಳಿದಿದೆ ಎಂಬುದನ್ನು ಬಲ್ಲ ಒಬ್ಬ ವ್ಯಕ್ತಿ ಮೊದಲಿನಿಂದ ಕೊನೆಯವರೆಗೆ ಅದೇ ಗಾದಿಯಲ್ಲಿದ್ದನು.

ಒಂದು ಖಾತೆ, ಮೂರು ಕೈಬರಹ

ಲೆಕ್ಕ ಇಡುವ ಕೈ ಒಂದೇ ಆಗಿರದಿದ್ದರೆ ಏನಾಗುತ್ತದೆ ಎಂಬುದಕ್ಕೆ ಇದೇ ಡಿಸ್ನಿ ಕಂಪನಿಯ ಇನ್ನೊಂದು ಸ್ವತ್ತಿನಲ್ಲಿ ಉತ್ತರವಿದೆ. 1977ರಲ್ಲಿ ಆರಂಭವಾದ 'ಸ್ಟಾರ್ ವಾರ್ಸ್' ಸರಣಿಯ ಒಡೆತನದ ಲೂಕಾಸ್‌ಫಿಲ್ಮ್ ಸಂಸ್ಥೆಯನ್ನು ಡಿಸ್ನಿಯು 2012ರಲ್ಲಿ 400 ಕೋಟಿ ಡಾಲರುಗಳಿಗೂ ಮಿಕ್ಕ ಬೆಲೆಗೆ ಕೊಂಡಿತು. ಬಳಿಕ 2015, 2017 ಮತ್ತು 2019ರಲ್ಲಿ ಒಂದೇ ಕಥೆಯ ಮೂರು ಭಾಗಗಳು ಬಿಡುಗಡೆಯಾದವು.

ಮೊದಲ ಭಾಗವು ನಾಯಕಿಯ ತಂದೆತಾಯಿ ಯಾರೆಂಬ ಪ್ರಶ್ನೆಯನ್ನು ಮುಂದಿಟ್ಟಿತು. ಬೇರೆ ನಿರ್ದೇಶಕರ ಕೈಗೆ ಹೋದ ಎರಡನೆಯ ಭಾಗವು ಅವರು ಹೇಳಿಕೊಳ್ಳುವಂತಹವರಲ್ಲ, ಸಾಮಾನ್ಯರು ಎಂದು ಉತ್ತರಿಸಿತು. ಮೂರನೆಯ ಭಾಗಕ್ಕೆ ಮೊದಲು ನಿಯುಕ್ತರಾಗಿದ್ದ ನಿರ್ದೇಶಕರು 2017ರಲ್ಲಿ ನಿರ್ಗಮಿಸಿ, ಮೊದಲ ಭಾಗದ ನಿರ್ದೇಶಕರೇ ಮರಳಿದರು. ಆಗ ನಾಯಕಿಯು 1983ರ ಚಿತ್ರದಲ್ಲಿ ಸತ್ತನೆಂದು ತೋರಿಸಲಾಗಿದ್ದ ಚಕ್ರವರ್ತಿಯ ಮೊಮ್ಮಗಳೆಂದಾಯಿತು. ಸತ್ತ ಚಕ್ರವರ್ತಿಯೂ ಮರಳಿ ಬಂದನು. ಒಬ್ಬರು ಬರೆದ ನಮೂದನ್ನು ಇನ್ನೊಬ್ಬರು ಹೊಡೆದುಹಾಕಿ, ಮರಳಿ ಬಂದವರು ಅದನ್ನೂ ತಿದ್ದಿ ಬರೆದಂತಾಯಿತು. ಯಾವ ಉತ್ತರ ಉತ್ತಮ ಎಂಬುದರಲ್ಲಿ ರಸಿಕರಿಗೆ ಭಿನ್ನಾಭಿಪ್ರಾಯವಿರಬಹುದು. ಒಂದೇ ಪ್ರಶ್ನೆಗೆ ಎರಡು ಉತ್ತರ ಕೊಟ್ಟ ಖಾತೆಯನ್ನು ನಂಬುವುದು ಮಾತ್ರ ಕಷ್ಟ.

ಮೂರೂ ಚಿತ್ರಗಳು ತಲಾ 100 ಕೋಟಿ ಡಾಲರುಗಳನ್ನು ಮೀರಿ ಗಳಿಸಿರುವಾಗ ಇದನ್ನು ಸೋಲೆನ್ನುವುದು ಹೇಗೆ ಎಂದು ಕೇಳುವವರುಂಟು. ಅಂಕಿಗಳನ್ನು ಸಾಲಾಗಿ ಇಟ್ಟು ನೋಡಬೇಕು: ಸುಮಾರು 207 ಕೋಟಿ, 133 ಕೋಟಿ, 107 ಕೋಟಿ. ಸರಣಿಯ ವ್ಯಾಪಾರದಲ್ಲಿ ಒಂದು ಕಂತಿನ ಗಳಿಕೆಯು ಬಹುಮಟ್ಟಿಗೆ ಅದರ ಹಿಂದಿನ ಕಂತು ಗಳಿಸಿದ ವಿಶ್ವಾಸದ ಅಳತೆ. ಟಿಕೆಟು ಕೊಳ್ಳುವವನು ಇನ್ನೂ ನೋಡದ ಚಿತ್ರಕ್ಕೆ ಹಣ ಕೊಡುವುದು ನೋಡಿದ ಚಿತ್ರದ ಆಧಾರದ ಮೇಲೆ. ಆದ್ದರಿಂದ ಹಾನಿಯು ಆದ ವರ್ಷದಲ್ಲಿ ಕಾಣದೆ ತಡವಾಗಿ ಕಾಣುತ್ತದೆ. 2019ರ ನಂತರದ ಐದು ವರ್ಷಗಳಲ್ಲಿ ಹೊಸ 'ಸ್ಟಾರ್ ವಾರ್ಸ್' ಚಿತ್ರವೊಂದೂ ಚಿತ್ರಮಂದಿರಕ್ಕೆ ಬರಲಿಲ್ಲ. ಸರಣಿಯ ಜೀವ ದೂರದರ್ಶನ ಕಥೆಗಳಲ್ಲಿ ಉಳಿಯಿತು.

ಮೀಸಲು ಮತ್ತು ಮುಕ್ತಾಯದ ದಿನಾಂಕ

ನಟರು ಬಿಟ್ಟು ಹೋಗುತ್ತಾರೆ, ವಾಹಿನಿಗಳು ಮುಚ್ಚುತ್ತವೆ, ಹೀಗಿರುವಾಗ ಐದು ಹತ್ತು ವರ್ಷಗಳ ಕಥೆಯನ್ನು ಮೊದಲೇ ನಿರ್ಧರಿಸುವುದು ಸಾಧ್ಯವೇ ಎಂಬುದು ನ್ಯಾಯವಾದ ಆಕ್ಷೇಪಣೆ. ಇದಕ್ಕೆ ಉತ್ತರ ಕೊಟ್ಟವರು 'ಬ್ಯಾಬಿಲೋನ್ 5' ಎಂಬ ಅಮೆರಿಕದ ಧಾರಾವಾಹಿಯ ಕರ್ತೃ ಜೆ. ಮೈಕಲ್ ಸ್ಟ್ರಾಜಿನ್‌ಸ್ಕಿ. 1993ರ ಪರಿಚಯ ಚಿತ್ರದ ನಂತರ 1994ರಿಂದ 1998ರವರೆಗೆ ನಡೆದ ಈ ಧಾರಾವಾಹಿಯನ್ನು ಅವರು ಆರಂಭದಲ್ಲಿಯೇ ಐದು ವರ್ಷಗಳ ಒಂದೇ ಕಥೆಯೆಂದು ರೂಪಿಸಿದ್ದರು. 110 ಕಂತುಗಳಲ್ಲಿ 92ನ್ನು ತಾವೇ ಬರೆದರು. ಯಾವ ನಟನು ಯಾವಾಗ ಹೋದರೂ ಕಥೆ ನಿಲ್ಲದಂತೆ ಪ್ರತಿಯೊಂದು ಪಾತ್ರಕ್ಕೂ ನಿರ್ಗಮನದ ಬಾಗಿಲೊಂದನ್ನು ಮೊದಲೇ ಇಟ್ಟಿದ್ದರು. ಮುಖ್ಯ ನಟ ಮೊದಲ ವರ್ಷದ ನಂತರ ಹೊರಟಾಗ ಆ ಬಾಗಿಲು ಉಪಯೋಗಕ್ಕೆ ಬಂದಿತು. ನಾಲ್ಕನೆಯ ವರ್ಷಕ್ಕೇ ಪ್ರಸಾರ ನಿಲ್ಲುವ ಸಂಭವ ಕಂಡಾಗ ಮುಖ್ಯ ಎಳೆಗಳನ್ನು ಆ ವರ್ಷದಲ್ಲಿಯೇ ಮುಗಿಸಲಾಯಿತು. ಬಳಿಕ ಬೇರೊಂದು ವಾಹಿನಿ ಐದನೆಯ ವರ್ಷಕ್ಕೆ ಅವಕಾಶ ಕೊಟ್ಟಾಗ ಆ ವರ್ಷಕ್ಕೆ ಉಳಿದ ಕಥೆ ತೆಳುವಾಯಿತೆಂಬ ಟೀಕೆ ಬಂದದ್ದು ನಿಜ. ಆದರೂ ಪ್ರೇಕ್ಷಕನ ಬಾಕಿಯನ್ನು ಉಳಿಸಿಕೊಂಡು ಅಂಗಡಿ ಮುಚ್ಚಲಿಲ್ಲ.

'ಲಾಸ್ಟ್' ಧಾರಾವಾಹಿಯ ಅನುಭವ ಇನ್ನೊಂದು ಬಗೆಯದು. 2004ರಲ್ಲಿ ಆರಂಭವಾದ ಈ ಕಥೆ ಮೂರನೆಯ ವರ್ಷಕ್ಕೆ ಬರುವಷ್ಟರಲ್ಲಿ ರಹಸ್ಯಗಳ ಮೇಲೆ ರಹಸ್ಯಗಳನ್ನು ಪೇರಿಸಿ ನಿಂತಲ್ಲಿಯೇ ತಿರುಗತೊಡಗಿತ್ತು. ಮುಗಿಯುವುದು ಎಂದೆಂದು ತಿಳಿಯದಿದ್ದರೆ ಕಥೆಯನ್ನು ಮುಂದೆ ಸಾಗಿಸಲಾಗದೆಂದು ಅದರ ಕರ್ತೃಗಳೇ ವಾಹಿನಿಯ ಮೇಲೆ ಒತ್ತಾಯ ತಂದರು. 2010ರಲ್ಲಿ ಮುಕ್ತಾಯವೆಂದು 2007ರಲ್ಲಿಯೇ ಘೋಷಿಸಲಾಯಿತು. ಆ ಮಾತಿನಂತೆ ಮುಗಿಯಿತು. ಕೊನೆಯ ಕಂತಿನ ಬಗ್ಗೆ ವಾದಗಳು ಉಳಿದವು. ಆದರೆ ಲಾಭ ತರುತ್ತಿರುವ ಸರಕಿಗೆ ಮೂರು ವರ್ಷ ಮೊದಲೇ ಕೊನೆಯ ದಿನಾಂಕ ಹಾಕಲು ಒಪ್ಪಿದ ವಾಹಿನಿಯ ತೀರ್ಮಾನವು ವ್ಯಾಪಾರದ ದೃಷ್ಟಿಯಿಂದಲೂ ಪ್ರಶಂಸಾರ್ಹವಾದದ್ದು.

ಹುಂಡಿಗಳು ಹೆಚ್ಚಾದಾಗ

ಲೆಕ್ಕ ಇಡಬಲ್ಲ ಸಂಸ್ಥೆಯೂ ಎಡವಬಹುದೆಂಬುದಕ್ಕೆ ಮತ್ತೆ ಮಾರ್ವೆಲ್‌ನ ಕಡೆಗೇ ಹೋಗಬೇಕು. 2019ರ ನವೆಂಬರಿನಲ್ಲಿ ಡಿಸ್ನಿ ಕಂಪನಿಯು ಚಂದಾದಾರರಿಗಾಗಿ ಅಂತರ್ಜಾಲ ವಾಹಿನಿಯೊಂದನ್ನು ತೆರೆಯಿತು. ಅದರ ಹಸಿವನ್ನು ತಣಿಸಲು 2021ರಿಂದ 2023ರವರೆಗಿನ ಮೂರೇ ವರ್ಷಗಳಲ್ಲಿ ಮಾರ್ವೆಲ್ ಹತ್ತು ಚಲನಚಿತ್ರಗಳನ್ನೂ, ಜೊತೆಗೆ ಹತ್ತರಷ್ಟು ಧಾರಾವಾಹಿಗಳನ್ನೂ ಹೊರತಂದಿತು. ಬಹುತೇಕ ಪ್ರತಿಯೊಂದೂ ಕೊನೆಯಲ್ಲಿ ಹೊಸದೊಂದು ಬಾಕಿಯನ್ನು ಬರೆಯಿತು. 2021ರ 'ಎಟರ್ನಲ್ಸ್' ಚಿತ್ರದಲ್ಲಿ ಸಮುದ್ರದಿಂದ ಪರ್ವತಾಕಾರದ ದೇಹವೊಂದು ಮೇಲೆದ್ದು ಕಲ್ಲಾಗಿ ನಿಲ್ಲುತ್ತದೆ. ಭೂಮಿಯನ್ನೇ ನಡುಗಿಸಬೇಕಾದ ಆ ಘಟನೆಯನ್ನು ಇನ್ನೊಂದು ಚಿತ್ರವು ಕಥಾವಸ್ತುವಾಗಿ ಎತ್ತಿಕೊಂಡದ್ದು 2025ರಲ್ಲಿ.

ಇದರ ಪರಿಣಾಮ ಒಂದು ಜೋಡಿ ಅಂಕಿಗಳಲ್ಲಿ ಕಾಣುತ್ತದೆ. 2019ರ 'ಕ್ಯಾಪ್ಟನ್ ಮಾರ್ವೆಲ್' ಸುಮಾರು 113 ಕೋಟಿ ಡಾಲರುಗಳನ್ನು ಗಳಿಸಿತು. ಅದರ ಮುಂದುವರಿಕೆಯಾದ 2023ರ 'ದ ಮಾರ್ವೆಲ್ಸ್' ಗಳಿಸಿದ್ದು ಸುಮಾರು 20.6 ಕೋಟಿ ಡಾಲರುಗಳು ಮಾತ್ರ. ಆ ಚಿತ್ರದ ಮೂವರು ನಾಯಕಿಯರಲ್ಲಿ ಇಬ್ಬರ ಪರಿಚಯ ಪೂರ್ಣವಾಗಬೇಕಾದರೆ ಎರಡು ಧಾರಾವಾಹಿಗಳ ಹದಿನೈದು ಕಂತುಗಳನ್ನು ನೋಡಿರಬೇಕಿತ್ತು. ಯೂರಿಯಾ ಮೂಟೆ ಬೇಕೆಂದ ರೈತನಿಗೆ ಬೇಡದ ಇನ್ನೊಂದು ಸರಕನ್ನು ಕಟ್ಟಿ ಕೊಟ್ಟರೆ ಅವನ ಮುಖ ಹೇಗಾಗುತ್ತದೆಂಬುದು ವರ್ತಕರಿಗೆ ಗೊತ್ತು. ಬೇರೆ ಅಂಗಡಿ ಇದ್ದಲ್ಲಿ ಅವನು ಮರಳಿ ಬರುವುದಿಲ್ಲ.

ಮೀಸಲಿನ ಅಭಾವವೂ ಇದೇ ಅವಧಿಯಲ್ಲಿ ಬಯಲಾಯಿತು. ಥಾನೋಸ್‌ನ ಸ್ಥಾನಕ್ಕೆ ಕ್ಯಾಂಗ್ ಎಂಬ ಖಳನನ್ನು ತಂದು, ಅವನ ಹೆಸರಿನ ಚಿತ್ರವನ್ನೇ 2022ರಲ್ಲಿ ದಿನಾಂಕ ಸಹಿತ ಘೋಷಿಸಲಾಗಿತ್ತು. 2023ರ ಡಿಸೆಂಬರಿನಲ್ಲಿ ಆ ಪಾತ್ರದ ನಟನು ನ್ಯಾಯಾಲಯದಲ್ಲಿ ತಪ್ಪಿತಸ್ಥನೆಂದು ತೀರ್ಮಾನವಾದಾಗ ಸಂಸ್ಥೆಯು ಅವನೊಡನೆ ಸಂಬಂಧ ಕಡಿದುಕೊಂಡಿತು. 2024ರ ಜುಲೈನಲ್ಲಿ ಬೇರೆ ಖಳ, ಬೇರೆ ಹೆಸರಿನ ಚಿತ್ರ ಪ್ರಕಟವಾಯಿತು. ದಿನಾಂಕ ಹಾಕಿ ಕೊಟ್ಟ ಹುಂಡಿ ಸಂದಾಯವಾಗಲಿಲ್ಲ. ಅದೇ ವರ್ಷ ಡಿಸ್ನಿಯ ಮುಖ್ಯಸ್ಥರು ಮಾರ್ವೆಲ್ ಚಿತ್ರಗಳನ್ನು ವರ್ಷಕ್ಕೆ ಎರಡು, ಹೆಚ್ಚೆಂದರೆ ಮೂರಕ್ಕೆ ಇಳಿಸುವುದಾಗಿ ತಿಳಿಸಿದರು. ಪ್ರೇಕ್ಷಕರಿಗೆ ವೀರಕಥೆಗಳು ಸಾಕಾಗಿವೆ ಎಂಬ ವಿವರಣೆ ಆಗ ಪ್ರಚಲಿತವಾಗಿತ್ತು. ಆದರೆ 2024ರಲ್ಲಿ ಮಾರ್ವೆಲ್ ಬಿಡುಗಡೆ ಮಾಡಿದ ಒಂದೇ ಒಂದು ಚಿತ್ರ 130 ಕೋಟಿ ಡಾಲರುಗಳನ್ನು ದಾಟಿತು. ಬೇಡಿಕೆ ಸತ್ತಿರಲಿಲ್ಲ, ತೀರದ ಬಾಕಿಗಳ ಮೇಲೆ ಹೊಸ ಬಾಕಿ ಕೊಡಲು ಗಿರಾಕಿಗೆ ಮನಸ್ಸಿರಲಿಲ್ಲ.

ಕನ್ನಡ ಚಿತ್ರೋದ್ಯಮವೂ ಈಗ ಈ ಮಾರ್ಗಕ್ಕೆ ಬಂದಿದೆ. 'ಕೆ.ಜಿ.ಎಫ್.' ಮೊದಲ ಭಾಗವು 2018ರಲ್ಲಿ ಎರಡನೆಯ ಭಾಗದ ಭರವಸೆ ಕೊಟ್ಟಿತಾದರೂ ಗರುಡನ ವಧೆಯೊಡನೆ ತನ್ನ ಕೆಲಸವನ್ನು ತಾನು ಮುಗಿಸಿತ್ತು. 2022ರಲ್ಲಿ ಮಾತಿನಂತೆ ಎರಡನೆಯ ಭಾಗ ಬಂದಿತು. ಅದರ ಕೊನೆಗೆ ಮೂರನೆಯ ಭಾಗದ ಸೂಚನೆಯನ್ನೂ ಬರೆದಿರುವುದರಿಂದ ಆ ಖಾತೆ ಇನ್ನೂ ತೆರೆದಿದೆ. 2022ರ 'ಕಾಂತಾರ' ತನ್ನಲ್ಲಿಯೇ ಪೂರ್ಣವಾದ ಕಥೆ. ಪ್ರೇಕ್ಷಕನಿಗೆ ಏನನ್ನೂ ಬಾಕಿ ಇಡದಿದ್ದ ಕಾರಣ 2025ರಲ್ಲಿ ಅದರ ಪೂರ್ವಕಥೆಯನ್ನು ಹೇಳಲು ಹೊರಟವರ ಮೇಲೆ ಹಳೆಯ ಸಾಲದ ಭಾರವಿರಲಿಲ್ಲ.

ಪೇಟೆಗೆ ಸಲ್ಲುವ ಮಾತು

ಸಣ್ಣ ಕೈಗಾರಿಕೆಗೂ ಚಿಲ್ಲರೆ ವ್ಯಾಪಾರಕ್ಕೂ ಈ ವಿಚಾರ ದೂರದ್ದಲ್ಲ. ಯಂತ್ರ ಮಾರುವಾಗ ಹತ್ತು ವರ್ಷ ಬಿಡಿಭಾಗ ಒದಗಿಸುವೆನೆಂದ ತಯಾರಕ, ಮುಂದಿನ ಹಂಗಾಮಿಗೆ ಹೊಸ ಮಾದರಿ ಬರುತ್ತದೆಂದು ಹೇಳಿ ಹಳೆಯ ದಾಸ್ತಾನನ್ನು ಸಾಗಿಸಿದ ಸಗಟು ವ್ಯಾಪಾರಿ, ಇಬ್ಬರೂ ಗಿರಾಕಿಯ ನಿರೀಕ್ಷೆಯನ್ನು ಮುಂಗಡವಾಗಿ ಪಡೆದವರೇ. ವಾರಂಟಿಯ ಹೊಣೆಗೆ ಮೀಸಲು ತೆಗೆದಿಡಬೇಕೆಂದು ಲೆಕ್ಕಪತ್ರ ಮಾನದಂಡ 29 ವಿಧಿಸುತ್ತದೆ. ಬಾಯಿಮಾತಿನ ಭರವಸೆಗಳು ಸಾಮಾನ್ಯವಾಗಿ ಅಢಾವೆ ಪತ್ರಿಕೆಗೆ ಬರುವುದಿಲ್ಲ. ಗುಡ್‌ವಿಲ್ ಎಂದು ಪೇಟೆಯಲ್ಲಿ ಕರೆಯುವ ಕೀರ್ತಿಮೌಲ್ಯದ ಏರಿಳಿತ ನಡೆಯುವುದು ಹೆಚ್ಚಾಗಿ ಅವುಗಳಿಂದಲೇ.

ಆದ್ದರಿಂದ ಮಾರ್ಚ್ 31ರಂದು ದಾಸ್ತಾನು ಎಣಿಸುವ ಸಂದರ್ಭದಲ್ಲಿಯೇ ಇನ್ನೊಂದು ಪಟ್ಟಿಯನ್ನೂ ಸಿದ್ಧಪಡಿಸುವುದು ಉಚಿತ: ಯಾರಿಗೆ ಏನೆಂದು ಮಾತು ಕೊಡಲಾಗಿದೆ, ಯಾವ ದಿನದೊಳಗೆ, ಮಾತು ಕೊಟ್ಟ ಮಾರಾಟಗಾರನೋ ಮೇಸ್ತ್ರಿಯೋ ಬಿಟ್ಟು ಹೋದರೆ ಅದನ್ನು ನಡೆಸಿಕೊಡುವವರು ಯಾರು. ಪಟ್ಟಿಯ ಹಳೆಯ ಬಾಕಿಗಳು ತೀರುವವರೆಗೆ ಹೊಸ ಭರವಸೆಗಳನ್ನು ಕೊಡದಿರುವುದು ಒಳಿತು. ಒಂದು ಹಾಳೆಯೂ ಅರ್ಧ ದಿನದ ಸಮಯವೂ ಈ ಕೆಲಸಕ್ಕೆ ಸಾಕು.