ಗೆದ್ದ ನಾಯಿಗೆ ಬೆಳ್ಳಿ ಕಪ್, ಸೋತ ನಾಯಿಗೆ?

ಮುಧೋಳ ಸೀಮೆಯಲ್ಲಿ ಬೇಟೆ ನಾಯಿ ಸಾಕಿದವರು ಇಬ್ಬರು ಸೇರಿದರೆ ಮೂರನೇ ಮಾತು ಓಟದ್ದೇ. ಜಾತ್ರೆ, ಉತ್ಸವಗಳಲ್ಲಿ ನಾಯಿ ಓಡಿಸುವುದು ಈ ಭಾಗಕ್ಕೆ ಹೊಸದೂ ಅಲ್ಲ. ಆದರೆ ಕೆಲವರಿಗೆ ಇಷ್ಟು ಸಾಲದು. “ಇಂಗ್ಲೆಂಡಿನಾಗ ಗ್ರೇಹೌಂಡ್ ಡರ್ಬಿ ನಡೀತದ, ಗೆದ್ದ ನಾಯಿಗೆ ಲಕ್ಷದ ಮ್ಯಾಲ ಪೌಂಡ್ ಕೊಡ್ತಾರ. ನಮ್ಮ ನಾಯಿ ಏನ್ ಕಡಿಮಿ ಐತಿ?” ಎಂಬುದು ಅವರ ವಾದ.

ನಾಯಿ ಕಡಿಮೆಯದಲ್ಲ, ಒಪ್ಪತಕ್ಕದ್ದೇ. 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂತು, 2016ರಲ್ಲಿ ಇದರ ಮರಿಗಳು ಸೈನ್ಯದ ತರಬೇತಿಗೆ ಮೀರತ್ತಿಗೆ ಹೋದವು. ಆದರೆ ಇಂಗ್ಲೆಂಡಿನ ಹೆಸರು ಹೇಳುವವರು ಅಲ್ಲಿನ ಅರ್ಧ ಕಥೆಯನ್ನಷ್ಟೇ ಹೇಳುತ್ತಾರೆ.

ಅಲ್ಲಿನ ಡರ್ಬಿ 1927ರಲ್ಲಿ ಲಂಡನ್ನಿನ ವೈಟ್ ಸಿಟಿ ಮೈದಾನದಲ್ಲಿ ಶುರುವಾಯಿತು. ಹತ್ತಾರು ಸಾವಿರ ಜನ ಮುಗಿಬೀಳುತ್ತಿದ್ದರು. ಐರ್ಲೆಂಡಿನಿಂದ ಬಂದ ಮಿಕ್ ದಿ ಮಿಲ್ಲರ್ ಎಂಬ ನಾಯಿ 1929 ಮತ್ತು 1930, ಎರಡು ವರ್ಷ ಸಾಲಾಗಿ ಗೆದ್ದು ಸಿನಿಮಾ ನಟರಷ್ಟು ಹೆಸರು ಮಾಡಿತು. 1939ರಲ್ಲಿ ಸತ್ತ ಮೇಲೆ ಅದರ ದೇಹವನ್ನು ಕೆಡದಂತೆ ಮಾಡಿ ವಸ್ತುಸಂಗ್ರಹಾಲಯದಲ್ಲಿ ಇಟ್ಟರು.

ಆಟವಾದರೂ ಎಂಥದ್ದು? ಆರು ನಾಯಿ, ಈಗಿನ ಲೆಕ್ಕದಲ್ಲಿ 500 ಮೀಟರ್. ಮೂವತ್ತು ಸೆಕೆಂಡಿನೊಳಗೆ ಮುಗೀತು. ನಾಯಿಗಳು ಅಟ್ಟಿಸಿಕೊಂಡು ಹೋಗುವುದು ಯಂತ್ರದಿಂದ ಓಡುವ ಗೊಂಬೆ ಮೊಲವನ್ನು. ಅದು ಅವಕ್ಕೆ ಎಂದೂ ಸಿಗುವುದಿಲ್ಲ. ಬಾಜಿ ಕಟ್ಟಿದ ಬಹುಪಾಲು ಮಂದಿಯ ಗತಿಯೂ ಅದೇ!

ಮಿಕ್ ದಿ ಮಿಲ್ಲರ್‌ಗೆ ಗಾಜಿನ ಪೆಟ್ಟಿಗೆ ಸಿಕ್ಕಿತು, ಸರಿ. ಉಳಿದವು ಎಲ್ಲಿ ಹೋದವು? ಗ್ರೇಹೌಂಡ್ ಹನ್ನೆರಡು ವರ್ಷ ಬದುಕುವ ಪ್ರಾಣಿ. ನಾಲ್ಕೈದು ವರ್ಷಕ್ಕೇ ಅದರ ಓಟ ಮುಗಿಯುತ್ತದೆ. ಆಮೇಲಿನ ಏಳೆಂಟು ವರ್ಷ ಅನ್ನ ಹಾಕುವವರು ಯಾರು? ಈ ಪ್ರಶ್ನೆಯನ್ನು ಅಲ್ಲಿನವರು ಬಹಳ ಕಾಲ ಕೇಳಲೇ ಇಲ್ಲ. ಸೀಹ್ಯಾಮ್ ಎಂಬ ಊರಿನಲ್ಲಿ ಒಬ್ಬನು ಓಟ ಮುಗಿದ ನಾಯಿಗಳನ್ನು ವರ್ಷಗಟ್ಟಲೆ ಕೊಂದು ಹೂಳುತ್ತಿದ್ದ ಸಂಗತಿ 2006ರಲ್ಲಿ ಪತ್ರಿಕೆಯಲ್ಲಿ ಬಂದಾಗ ದೇಶವೇ ಬೆಚ್ಚಿತು.

ಕೊನೆಗೆ 2020ರಲ್ಲಿ ಅಲ್ಲಿನ ಗ್ರೇಹೌಂಡ್ ಮಂಡಳಿ ಒಂದು ಠೇವಣಿ ಪದ್ಧತಿ ತಂದಿತು. ನಾಯಿಯೊಂದಕ್ಕೆ 400 ಪೌಂಡ್. ಅರ್ಧ ಮಾಲೀಕನದು, ಅರ್ಧ ಮಂಡಳಿಯದು. ಓಟ ಮುಗಿದ ನಾಯಿಗೆ ಬೇರೆ ಮನೆ ಹುಡುಕಲು ಆ ಹಣ. ಬುದ್ಧಿ ಬಂತು, ತಡವಾಗಿ ಬಂತು. ಮಂಡಳಿಯೇ ಪ್ರಕಟಿಸಿದ ಲೆಕ್ಕದಂತೆ 2024ರಲ್ಲಿ 3,809 ಗಾಯಗಳು, ಮೈದಾನದಲ್ಲೇ 123 ಸಾವು.

ಜನರ ಮನಸ್ಸು ಅಷ್ಟರಲ್ಲಿ ತಿರುಗಿತ್ತು. ವೈಟ್ ಸಿಟಿ 1984ರಲ್ಲಿ ಮುಚ್ಚಿತು, ಆಮೇಲೆ ಡರ್ಬಿ ನಡೆದ ವಿಂಬಲ್ಡನ್ ಮೈದಾನ 2017ರಲ್ಲಿ ಮುಚ್ಚಿತು. ಜಾಗಕ್ಕೆ ಬೆಲೆ ಬಂತು, ನಾಯಿ ಓಟಕ್ಕೆ ಬೆಲೆ ಹೋಯಿತು. ಅಮೆರಿಕದ ಫ್ಲೋರಿಡಾದಲ್ಲಿ 2018ರಲ್ಲಿ ಮತದಾರರೇ ಈ ಓಟ ಬೇಡವೆಂದರು. ನ್ಯೂಜಿಲೆಂಡ್ 2024ರಲ್ಲಿ, ವೇಲ್ಸ್ 2025ರಲ್ಲಿ ನಿಲ್ಲಿಸುವುದಾಗಿ ಸಾರಿದವು.

ಅವರು ಬಿಟ್ಟ ಚಪ್ಪಲಿಯಲ್ಲಿ ನಾವು ಕಾಲಿಡಬೇಕೆ? ಇಲ್ಲಿನ ಕಾನೂನನ್ನೂ ನೋಡಬೇಕು. 2017ರ ತಿದ್ದುಪಡಿಯಿಂದ ಕರ್ನಾಟಕದಲ್ಲಿ ಕಂಬಳಕ್ಕೆ, ಎತ್ತಿನ ಓಟಕ್ಕೆ ರಿಯಾಯಿತಿ ಸಿಕ್ಕಿತು. 2023ರಲ್ಲಿ ಸುಪ್ರೀಂ ಕೋರ್ಟೂ ಎತ್ತಿಹಿಡಿಯಿತು. ಆದರೆ ಅದರಲ್ಲಿ ನಾಯಿಯ ಹೆಸರಿಲ್ಲ. ಜೀವಂತ ಮೊಲ ಬಿಟ್ಟು ನಾಯಿ ಛೂ ಬಿಡುವುದಂತೂ ವನ್ಯಜೀವಿ ಕಾಯ್ದೆಯಡಿ ಅಪರಾಧ.

ಹಾಗಂತ ನಾಯಿ ಕಟ್ಟಿಹಾಕಿಯೇ ಇಡಿ ಎಂದಲ್ಲ. ಓಡುವುದು ಅದರ ಹುಟ್ಟುಗುಣ. ಓಡಿಸುವವರು ಮೊದಲು ನಾಲ್ಕು ಮಾತಿಗೆ ಒಪ್ಪಲಿ: ಬಾಜಿ ಇಲ್ಲ, ಜೀವಂತ ಮೊಲ ಇಲ್ಲ, ಮೈದಾನದಲ್ಲಿ ಪಶುವೈದ್ಯರು ಇರಬೇಕು, ಪ್ರತಿ ನಾಯಿಯ ಹೆಸರಿನಲ್ಲಿ ಮಾಲೀಕನಿಂದ ಠೇವಣಿ. ಓಟ ಬಿಟ್ಟ ನಾಯಿ ಅವನ ಮನೆಯಲ್ಲೇ ಇದೆಯೆಂದು ತೋರಿಸಿದರೆ ಮಾತ್ರ ಠೇವಣಿ ವಾಪಸು.

ಇದನ್ನು ಕೇಳುವ ಹಕ್ಕು ಅಂಗಡಿಕಾರರಿಗೆ ಎಲ್ಲರಿಗಿಂತ ಹೆಚ್ಚು. ಕಪ್ಪಿಗೂ ಪೆಂಡಾಲಿಗೂ ಪಟ್ಟಿ ಎತ್ತುವವರು ಬರುವುದು ಅವರ ಗಲ್ಲಾಪೆಟ್ಟಿಗೆ ಮುಂದೆಯೇ ತಾನೆ? ರಸೀದಿ ಹರಿಯುವ ಮುನ್ನ ಒಂದೇ ಮಾತು ಕೇಳಲಿ: “ಹೋದ ವರ್ಷ ಓಡಿದ ನಾಯಿ ಈಗ ಎಲ್ಲೈತ್ರಿ?” ಉತ್ತರ ಬಂದರೆ ಹತ್ತು ರೂಪಾಯಿ ಹೆಚ್ಚೇ ಕೊಡಲಿ. ಬಾರದಿದ್ದರೆ ಗಲ್ಲಾ ಮುಚ್ಚಲಿ. ಅಂಚೆ ಚೀಟಿಯ ಮೇಲೆ ಬಂದ ನಾಯಿ ಎಲುಬು ಎಣಿಸುವಂತಾಗಿ ಬಸ್ ಸ್ಟ್ಯಾಂಡಿನಲ್ಲಿ ತಿರುಗಿದರೆ, ಆ ಅವಮಾನ ನಾಯಿಯದಲ್ಲ, ಊರಿನದು.