ಮಸ್ಕಿ ಅಂದ್ರೆ ಎಷ್ಟು ಅಕ್ಷರ?

ಐಫೋನ್ ಒಳ್ಳೇದಾ ಆಂಡ್ರಾಯ್ಡ್ ಒಳ್ಳೇದಾ ಅನ್ನೋ ಜಗಳ ನಮ್ಮ ಆಫೀಸಿನಲ್ಲಿ ಮಧ್ಯಾಹ್ನದ ಊಟಕ್ಕೆ ಉಪ್ಪಿನಕಾಯಿ ಇದ್ದಂಗೆ, ದಿನಾ ಇರಲೇಬೇಕು. ಒಬ್ಬ ಕ್ಯಾಮೆರಾ ಅಂತಾನೆ, ಇನ್ನೊಬ್ಬ ಪ್ರೈವಸಿ ಅಂತಾನೆ. ಮೂರನೆಯವನಿಗೆ ಇನ್ನೂ ಹದಿನಾಲ್ಕು ತಿಂಗಳ ಕಂತು ಬಾಕಿ ಇದೆ, ಹಾಗಾಗಿ ಅವನು ತನ್ನ ಕಂಪನಿಯನ್ನ ಬಿಟ್ಟುಕೊಡೋಕೆ ತಯಾರಿಲ್ಲ :-) ಯಾರೋ ಕೋಟ್ಯಧಿಪತಿಯ ಕಂಪನಿಗೋಸ್ಕರ ತಿಂಗಳ ಸಂಬಳದ ನಾವು ಯಾಕೆ ಇಷ್ಟು ಗಂಟಲು ಹರಕೊಳ್ತೀವೋ ಗೊತ್ತಿಲ್ಲ. ಅದು ಹಾಳಾಗಿ ಹೋಗ್ಲಿ. ನನ್ನ ಪ್ರಶ್ನೆ ಬೇರೆ. ಈ ಕಂಪನಿಗಳು ಫೋನ್ ಮಾಡುವಾಗ ಯಾರ ಮುಖ ನೆನಪಿಸಿಕೊಂಡು ಮಾಡ್ತಾವೆ?

ನಮ್ಮ ಕಡೆಯವರ ಮುಖ ಅಂತೂ ಅಲ್ಲ. ನಮ್ಮ ಕಡೆ ಅಂದ್ರೆ ಸಿಂಧನೂರು, ಮಸ್ಕಿ, ಲಿಂಗಸುಗೂರು. ರಾಯಚೂರು ಜಿಲ್ಲೆಯಲ್ಲಿ ಒಂದೇ ರಸ್ತೆಗೆ ಪೋಣಿಸಿದ ಮೂರು ಊರು. ಈ ಕಡೆ ತುಂಗಭದ್ರಾ ಎಡದಂಡೆ ಕಾಲುವೆ, ಭತ್ತ, ಟ್ರ್ಯಾಕ್ಟರು. ಆ ಕಡೆ ಲಿಂಗಸುಗೂರು ತಾಲ್ಲೂಕಿನಲ್ಲಿ ಹಟ್ಟಿ ಚಿನ್ನದ ಗಣಿ. ಸಿಂಧನೂರಿನ ಸಂತೆಯಲ್ಲಿ ನಿಂತರೆ ಕನ್ನಡ, ಉರ್ದು, ಕಾಲುವೆ ಬಂದ ಮೇಲೆ ಬಂದು ನೆಲೆಸಿದ ಕ್ಯಾಂಪಿನವರ ತೆಲುಗು, ಆರ್.ಎಚ್. ಕ್ಯಾಂಪಿನವರ ಬಂಗಾಳಿ, ಎಲ್ಲಾ ಒಟ್ಟಿಗೆ ಕಿವಿಗೆ ಬೀಳ್ತವೆ. ಇಂಗ್ಲಿಷ್ ಮಾತ್ರ ಬೀಳೋದಿಲ್ಲ. ಆದ್ರೆ ಅದೇ ಸಂತೆಯಲ್ಲಿ ಹತ್ತು ಜನರ ಜೇಬಿನಿಂದ ಫೋನ್ ತೆಗೆಸಿ ನೋಡಿ, ಒಂಬತ್ತು ಇಂಗ್ಲಿಷಿನಲ್ಲಿ ಇರ್ತವೆ.

ಯಾಕೆ ಹೀಗೆ? "ಜನಕ್ಕೇ ಕನ್ನಡ ಬೇಡ" ಅನ್ನೋದು ಸುಲಭದ ಉತ್ತರ. ಮೀಟಿಂಗುಗಳಲ್ಲಿ ಈ ಉತ್ತರ ನಾನು ಬೇಕಾದಷ್ಟು ಸಲ ಕೇಳಿದ್ದೀನಿ, ಡ್ಯಾಶ್‌ಬೋರ್ಡ್ ಸಮೇತ. ಅದಕ್ಕೇ ಸ್ವಲ್ಪ ಹಿಂದಕ್ಕೆ ಹೋಗೋಣ.

2003ರಲ್ಲಿ ನೋಕಿಯಾ 1100 ಬಂತು. ಜಗತ್ತಿನಾದ್ಯಂತ 25 ಕೋಟಿಗೂ ಹೆಚ್ಚು ಮಾರಾಟವಾದ ಫೋನು. ನಮ್ಮಪ್ಪನ ಹತ್ರಾನೂ ಇತ್ತು. ಅದನ್ನ ಮಾಡಿದವರು ನಿಜಕ್ಕೂ ಯಾರನ್ನೋ ನೋಡಿ ಮಾಡಿದ್ರು. ಧೂಳು ಒಳಗೆ ಹೋಗದ ಕೀಪ್ಯಾಡು, ಬೆವರಿನ ಕೈಯಿಂದ ಜಾರದ ಅಂಚು, ತಲೆ ಮೇಲೊಂದು ಟಾರ್ಚು. ರಾತ್ರಿ ಎರಡು ಗಂಟೆಗೆ ಕರೆಂಟ್ ಬಂತು ಅಂತ ಎದ್ದು ಹೊಲಕ್ಕೆ ನೀರು ಕಟ್ಟೋಕೆ ಹೋಗೋನಿಗೆ ಆ ಟಾರ್ಚು ಎಂಥಾ ಉಪಕಾರ ಅನ್ನೋದು ಬೆಂಗಳೂರಿನಲ್ಲಿ ಕೂತವರಿಗೆ ತಿಳಿಯೋದು ಕಷ್ಟ. ಹಾವು ಚೇಳಿನ ಮೇಲೆ ಕಾಲಿಡದೆ ಮನೆಗೆ ಬರೋದು ಅಂದ್ರೆ ಫೀಚರ್ ಅಲ್ಲ, ಆಯುಷ್ಯ. ಇಷ್ಟೆಲ್ಲ ಯೋಚನೆ ಮಾಡಿದ ಅದೇ ಕಂಪನಿಗೆ ಈ ಮನುಷ್ಯ ಓದೋದು ಯಾವ ಲಿಪಿಯಲ್ಲಿ ಅನ್ನೋದು ಮಾತ್ರ ಹೊಳೀಲಿಲ್ಲ. ಅಪ್ಪನ ಫೋನಿನಲ್ಲಿ ಕನ್ನಡ ಇರಲಿಲ್ಲ. ಕಾಂಟ್ಯಾಕ್ಟಿನಲ್ಲಿ ಎಲ್ಲರ ಹೆಸರೂ ಇಂಗ್ಲಿಷ್ ಅಕ್ಷರದಲ್ಲಿ. ಅದನ್ನ ಸೇವ್ ಮಾಡಿಕೊಡೋ ನೌಕರಿ ಎರಡನೇ ಕ್ಲಾಸಿನ ನನ್ನದು.

ಕನ್ನಡ ಕಂಪ್ಯೂಟರಿಗೆ ಹೊಸದೇನೂ ಆಗಿರಲಿಲ್ಲ ಅನ್ನೋದನ್ನ ನಿಮಗೆ ಹೇಳಬೇಕಾಗಿಲ್ಲ. 1991ರ ಯುನಿಕೋಡಿನ ಮೊದಲ ಆವೃತ್ತಿಯಲ್ಲೇ ಕನ್ನಡ ಇತ್ತು. ಕೆ.ಪಿ. ರಾವ್ ಅವರ ಕೀಲಿಮಣೆ ಇತ್ತು, 1998ರಲ್ಲಿ ಬರಹ ಬಂತು, ನುಡಿ ಬಂತು, 2001ರ ವಿಂಡೋಸ್ ಎಕ್ಸ್‌ಪಿ ಜೊತೆ ತುಂಗಾ ಫಾಂಟು ಬಂತು. ಮೇಜಿನ ಮೇಲೆ ಎಲ್ಲಾ ಸಿದ್ಧವಿತ್ತು, ಜೇಬಿಗೆ ಮಾತ್ರ ಇಳೀಲಿಲ್ಲ. ಆಂಡ್ರಾಯ್ಡಿನ ಮೊದಲ ಫೋನು ಬಂದಿದ್ದು 2008ರಲ್ಲಿ. ಅದು ತಾನಾಗಿ ಕನ್ನಡ ಅಕ್ಷರ ತೋರಿಸೋಕೆ ಶುರು ಮಾಡಿದ್ದು 2012ರಲ್ಲಿ, ಜೆಲ್ಲಿಬೀನ್ ಬಂದ ಮೇಲೆ. ಅಲ್ಲಿವರೆಗೆ ಬಹುಪಾಲು ಫೋನುಗಳಲ್ಲಿ ನಾವು ನೋಡಿದ್ದು ಚೌಕ ಚೌಕ ಡಬ್ಬಿಗಳನ್ನ. 2007ರಲ್ಲಿ ಹುಟ್ಟಿದ ಐಫೋನಿಗೆ ಆಪಲ್ ಕನ್ನಡ ಕೀಬೋರ್ಡ್ ಕೊಟ್ಟಿದ್ದು 2017ರಲ್ಲಿ. ಹತ್ತು ವರ್ಷ! ಹತ್ತು ವರ್ಷದಲ್ಲಿ ಒಂದು ಮಗು ನಾಲ್ಕನೇ ಕ್ಲಾಸು ಮುಗಿಸಿಬಿಡುತ್ತೆ.

ಇನ್ನು ಎಸ್ಸೆಮ್ಮೆಸ್ಸಿನ ಕಥೆ. ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಒಂದು ಮೆಸೇಜಿಗೆ 160 ಅಕ್ಷರ ಹಿಡಿಸುತ್ತೆ. ಕನ್ನಡದಲ್ಲಿ ಬರೆದ ಕೂಡಲೇ ಅದು 70ಕ್ಕೆ ಇಳಿಯುತ್ತೆ, ಯಾಕಂದ್ರೆ ಪ್ರತಿ ಸಂಕೇತಕ್ಕೆ ಏಳು ಬಿಟ್ ಬದಲು ಹದಿನಾರು ಬಿಟ್ ಬೇಕು. ಹೋಗ್ಲಿ 70 ಅಕ್ಷರ ಆದ್ರೂ ನಮ್ಮ ಲೆಕ್ಕದ ಅಕ್ಷರವಾ? ಅದೂ ಅಲ್ಲ. ಮಸ್ಕಿ ಅಂತ ಬರೀರಿ. ಒಂದನೇ ಕ್ಲಾಸಿನ ಹುಡುಗನನ್ನ ಕೇಳಿದ್ರೆ ಎರಡು ಅಕ್ಷರ ಅಂತಾನೆ. ಫೋನಿಗೆ ಅದು ಐದು: ಮ, ಸ, ಹಲಂತ, ಕ, ಗುಡಿಸು. ಲಿಂಗಸುಗೂರು ನಮಗೆ ಐದು, ಫೋನಿಗೆ ಹತ್ತು. ಊರಿನ ಹೆಸರು ಬರೆದು ಮುಗಿಸೋದ್ರಲ್ಲಿ ಏಳರಲ್ಲಿ ಒಂದು ಪಾಲು ಜಾಗ ಖಾಲಿ. ಒಂದು ಮೆಸೇಜಿನ ಮಾತು ಎರಡು ಮೂರು ಮೆಸೇಜಾಗಿ ಒಡೆದು, ಪ್ರತಿಯೊಂದಕ್ಕೂ ದುಡ್ಡು ಹೋಗ್ತಿತ್ತು. ಯುಗಾದಿ, ದೀಪಾವಳಿ ದಿನ ಅಂತೂ ಎಸ್ಸೆಮ್ಮೆಸ್ ಪ್ಯಾಕೂ ನಡೀತಿರಲಿಲ್ಲ, ನೆನಪಿದೆಯಾ? ಇದು ಯಾರೋ ಬೇಕಂತ ಕನ್ನಡಕ್ಕೆ ಹಾಕಿದ ದಂಡ ಅಲ್ಲ. ಆ ಸ್ಟ್ಯಾಂಡರ್ಡ್ ಬರೆಯುವಾಗ ಯುರೋಪಿನ ಮುಖಗಳು ಮಾತ್ರ ಕಣ್ಣೆದುರಿಗಿದ್ದವು, ಅಷ್ಟೇ. ಆದ್ರೆ ಕಟ್ಟಿದ್ದು ಮಾತ್ರ ನಾವು.

ಮಸ್ಕಿ ಅಂದ ಕೂಡಲೇ ಒಂದು ಅಡ್ಡಮಾತು ನೆನಪಾಯ್ತು. 1915ರಲ್ಲಿ ಚಿನ್ನದ ನಿಕ್ಷೇಪ ಹುಡುಕ್ತಾ ಬಂದ ಬೀಡನ್ ಅನ್ನೋ ಎಂಜಿನಿಯರಿಗೆ ಮಸ್ಕಿಯ ಗುಡ್ಡದಲ್ಲಿ ಅಶೋಕನ ಶಾಸನ ಸಿಕ್ತು. ದೇವರಿಗೆ ಪ್ರಿಯನಾದವನು ಅಂತ ಬರೆಸಿಕೊಳ್ತಿದ್ದ ಆ ರಾಜ ಅಶೋಕನೇ ಅನ್ನೋದು ಖಾತ್ರಿಯಾಗಿದ್ದು ಈ ಕಲ್ಲಿನಿಂದ, ಅದರಲ್ಲಿ ಅವನ ಹೆಸರೇ ಇತ್ತು. ಶಾಸನದ ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಅಂದ್ರೆ ಎರಡು ಸಾವಿರದ ಇನ್ನೂರು ವರ್ಷಗಳಿಗೂ ಹಿಂದೆಯೇ ನಮ್ಮ ಮಸ್ಕಿಗೆ ಹೆಡ್ಡಾಫೀಸಿನಿಂದ ನೋಟಿಫಿಕೇಶನ್ ಬಂದಿತ್ತು, ಹೆಡ್ಡಾಫೀಸಿನ ಭಾಷೆಯಲ್ಲೇ :-)

ಸರಿ, ಮುಂದೆ. 2016ರಲ್ಲಿ ಕೇಂದ್ರ ಸರ್ಕಾರ ಒಂದು ಆದೇಶ ಹೊರಡಿಸ್ತು. ಇಲ್ಲಿ ಮಾರೋ ಎಲ್ಲಾ ಫೋನಿನಲ್ಲೂ 22 ಭಾಷೆಗಳನ್ನ ಓದೋಕೆ ಬರಬೇಕು. ಒಳ್ಳೇದೇ. ಬರೆಯೋಕೆ? ಇಂಗ್ಲಿಷ್, ಹಿಂದಿ, ಜೊತೆಗೆ ಕನಿಷ್ಠ ಇನ್ನೊಂದು ಭಾಷೆ. ಆ "ಇನ್ನೊಂದು" ಯಾವುದಾದ್ರೂ ಆಗಬಹುದು. ಸಿಂಧನೂರಿನಲ್ಲಿ ಮಾರೋ ಫೋನಿಗೂ ಹಿಂದಿ ಕಡ್ಡಾಯ, ಕನ್ನಡ ಐಚ್ಛಿಕ. ಕಂಪನಿಗಳನ್ನ ಬೈಯೋ ಭರದಲ್ಲಿ ಈ ಆದೇಶ ಬರೆದವರನ್ನ ಮರೀಬಾರದು.

ಇಷ್ಟೆಲ್ಲ ಆಗೋ ಹೊತ್ತಿಗೆ ಜನ ಕಾಯ್ತಾ ಕೂತಿರಲಿಲ್ಲ. ಕನ್ನಡ ಇಲ್ಲದೆ ಫೋನ್ ಬಳಸೋದನ್ನ ಕಲಿತುಬಿಟ್ಟಿದ್ರು. ನನ್ನ ವಯಸ್ಸಿನವರು ಕನ್ನಡವನ್ನ ಇಂಗ್ಲಿಷ್ ಅಕ್ಷರದಲ್ಲಿ ಕುಟ್ಟೋದು ಕಲಿತ್ರು. ಅಪ್ಪ, ಕಾಕಾ, ಸೋದರಮಾವ ಇವರೆಲ್ಲ ಹಸಿರು ಗುಂಡಿ, ಕೆಂಪು ಗುಂಡಿ ಗುರುತಿಟ್ಟುಕೊಂಡ್ರು. 2016ರಲ್ಲಿ ಜಿಯೋ ಬಂದು ಡೇಟಾ ಅಗ್ಗ ಆದ ಮೇಲೆ ಅವರೆಲ್ಲ ವಾಟ್ಸಾಪಿನ ಮೈಕಿನ ಗುಂಡಿ ಒತ್ತಿ ಮಾತಾಡೋಕೆ ಶುರು ಮಾಡಿದ್ರು. ಓದು ಬರಹ ಬರದವರು ಮಾತ್ರ ಅಂದ್ಕೋಬೇಡಿ. ನಮ್ಮ ಕಾಕಾ ಮೇಷ್ಟ್ರಾಗಿದ್ದವರು, ಮುತ್ತಿನಂಥ ಅಕ್ಷರ. ಅವರೂ ಫೋನಿನಲ್ಲಿ ಬರೆಯೋದಿಲ್ಲ, ಮಾತಾಡ್ತಾರೆ.

ಮಾತಾಡಿದ್ರೆ ಏನು ತಪ್ಪು ಅಂತೀರಾ? ತಪ್ಪಿಲ್ಲ, ಆದ್ರೆ ನಷ್ಟ ಇದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್‌ಗೇಟಿನ ಚೈನ್ ತುಂಡಾಗಿ ಗೇಟು ಕೊಚ್ಚಿಹೋಯ್ತು. ಕನ್ನಯ್ಯ ನಾಯ್ಡು ಅವರ ತಂಡ ಹರಿಯೋ ನೀರಿನಲ್ಲೇ ತಾತ್ಕಾಲಿಕ ಗೇಟು ಕೂರಿಸೋವರೆಗೆ ಒಂದು ವಾರ ನಮ್ಮ ಕಡೆ ಯಾರಿಗೂ ಸರಿಯಾಗಿ ನಿದ್ದೆ ಇಲ್ಲ. ನಾಟಿ ಮಾಡಿದ ಭತ್ತಕ್ಕೆ ನೀರು ಉಳಿಯುತ್ತಾ ಇಲ್ಲವಾ ಅನ್ನೋದೇ ಪ್ರಶ್ನೆ. ನಮ್ಮ ಮನೆಯ ಗ್ರೂಪಿನಲ್ಲಿ ಆ ವಾರ ಬಂದ ವಾಯ್ಸ್ ಮೆಸೇಜುಗಳಿಗೆ ಲೆಕ್ಕವೇ ಇಲ್ಲ. "ಇನ್ನ ಇಷ್ಟ್ ನೀರು ಐತಂತ", "ಎರಡನೇ ಬೆಳಿ ಇಲ್ಲಂತ", "ಯಾರ ಹೇಳಿದ್ರು?" "ಕ್ಯಾಂಪಿನಾಗ ಅನ್ನಾಕತ್ತಾರ". ಯಾವುದು ನಿಜ, ಯಾವುದು ಗಾಳಿಮಾತು, ಯಾರು ಯಾವಾಗ ಹೇಳಿದ್ದು? ಹುಡುಕೋ ಹಾಗಿಲ್ಲ. ಬರೆದಿದ್ರೆ ಒಂದು ಪದ ಹಾಕಿ ಹುಡುಕಬಹುದಿತ್ತು. ಮಾತು ಹುಡುಕಬೇಕಂದ್ರೆ ಎಲ್ಲವನ್ನೂ ಮತ್ತೆ ಕೇಳಬೇಕು. ಆ ವಾರ ನಮ್ಮೂರು ಏನು ಅನುಭವಿಸಿತು ಅನ್ನೋದೆಲ್ಲ ಯಾವುದೋ ಫೋನಿನ ಮೆಮೊರಿಯಲ್ಲಿ, ಜಾಗ ಸಾಲದು ಅಂತ ಡಿಲೀಟ್ ಆಗೋಕೆ ಕಾಯ್ತಾ ಬಿದ್ದಿದೆ.

ಈಗ ಆ ಡ್ಯಾಶ್‌ಬೋರ್ಡಿಗೆ ಬರ್ತೀನಿ. ಮಸ್ಕಿಯಲ್ಲಿ ನನ್ನ ಗೆಳೆಯನೊಬ್ಬನ ಮೊಬೈಲ್ ಅಂಗಡಿ ಇದೆ. ಮಾರೋದು, ರಿಪೇರಿ, ರೀಚಾರ್ಜ್ ಎಲ್ಲಾ ಅವನೇ. ಹೊಸ ಫೋನ್ ಡಬ್ಬಿಯಿಂದ ತೆಗೆದ ಕೂಡಲೇ ಮೊದಲು ಕೇಳೋದು ಭಾಷೆ ಯಾವುದು ಅಂತ. ಅವನ ಬೆರಳು ಪಟ್ ಅಂತ ಇಂಗ್ಲಿಷ್ ಒತ್ತಿ ಮುಂದಕ್ಕೆ ಹೋಗುತ್ತೆ. ಯಾಕೋ, ಅವರನ್ನ ಒಂದ್ಸಲ ಕೇಳಬಾರದಾ ಅಂದೆ.

"ಏನ್ ಕೇಳಾದಲೇ? ನಾಳೆ ಏನಾರ ತ್ರಾಸ್ ಆದ್ರ ನನ್ ಹತ್ರಾನೇ ಬರ್ತಾರ. ಕನ್ನಡದಾಗ ಇದ್ರ ಯಾವ್ದು ಎಲ್ಲೈತಿ ಅಂತ ನನಗೇ ಸಿಗಂಗಿಲ್ಲ."

ಅವನದ್ದು ಖಂಡಿತ ತಪ್ಪಲ್ಲ. ದಿನಕ್ಕೆ ನಲವತ್ತು ಜನರ ಕಷ್ಟ ನೋಡೋನು. ಕಂಪನಿಗಳ ಸರ್ವೀಸ್ ಸೆಂಟರ್ ದೂರದ ಊರುಗಳಲ್ಲಿ, ಇವನು ಇಲ್ಲೇ. ಅವನು ಕಲಿತ ಯೂಟ್ಯೂಬ್ ವಿಡಿಯೋಗಳಲ್ಲಿ ಮೆನು ಇಂಗ್ಲಿಷಿನಲ್ಲಿದೆ. ಕನ್ನಡ ಮೆನುವಿನಲ್ಲೋ ಎಲ್ಲವೂ "ಮಾಡಲಾಗುತ್ತಿದೆ", "ಸಾಧ್ಯವಾಗಲಿಲ್ಲ" ಅನ್ನೋ ಸರ್ಕಾರಿ ಸುತ್ತೋಲೆಯ ಭಾಷೆ. ಆದ್ರೆ ಬೆಂಗಳೂರಿನಲ್ಲೋ ಕ್ಯಾಲಿಫೋರ್ನಿಯಾದಲ್ಲೋ ಕೂತು ಅಂಕಿಅಂಶ ನೋಡೋನಿಗೆ ಏನು ಕಾಣುತ್ತೆ? "ಮಸ್ಕಿಯ ಗ್ರಾಹಕ ಇಂಗ್ಲಿಷ್ ಆರಿಸಿಕೊಂಡಿದ್ದಾನೆ." ಗ್ರಾಹಕ ಏನನ್ನೂ ಆರಿಸಿಲ್ಲ ಸ್ವಾಮಿ, ಅವನು ಅಷ್ಟೊತ್ತು ಕೌಂಟರಿನಾಚೆ ನಿಂತು ದುಡ್ಡು ಎಣಿಸ್ತಿದ್ದ! ಅವನ ಹೆಸರಿನಲ್ಲಿ ಬೇರೆಯವರು ಒತ್ತಿದ ಓಟು ಅದು. ಆ ಓಟಿನ ಆಧಾರದ ಮೇಲೆ ಮುಂದಿನ ವರ್ಷ ಕನ್ನಡ ಅನುವಾದದ ಬಜೆಟ್ ಕಡಿಮೆ ಆಗುತ್ತೆ, ಮೆನು ಇನ್ನಷ್ಟು ಕೆಡುತ್ತೆ, ಗೆಳೆಯನ ಬೆರಳು ಇನ್ನಷ್ಟು ಬೇಗ ಇಂಗ್ಲಿಷಿಗೆ ಹೋಗುತ್ತೆ.

ಜನಕ್ಕೆ ಕನ್ನಡ ಬೇಡ ಅನ್ನೋರಿಗೆ ಒಂದು ಪೆಟ್ಟಿಗೆ ತೋರಿಸ್ತೀನಿ. ಸಿಂಧನೂರಿನ ಮಿರ್ಚಿ ಬಂಡಿ, ಲಿಂಗಸುಗೂರಿನ ಬಸ್ ಸ್ಟ್ಯಾಂಡಿನ ಚಾದ ಅಂಗಡಿ, ಎಲ್ಲಿ ಹೋದ್ರೂ ಪೇಟಿಎಂನದೋ ಫೋನ್‌ಪೇದೋ ಸೌಂಡ್‌ಬಾಕ್ಸ್ ಕೂತಿರುತ್ತೆ, ಇಷ್ಟು ರೂಪಾಯಿ ಬಂತು ಅಂತ ಕನ್ನಡದಲ್ಲಿ ಕೂಗುತ್ತೆ. ಫೋನ್‌ಪೇಯವರು ಕಿಚ್ಚ ಸುದೀಪ್ ದನಿಯನ್ನೂ ಅದಕ್ಕೆ ಹಾಕಿದ್ರು. ಇಲ್ಲಿ ಯಾರಿಗೂ ಕನ್ನಡ ಭಾರ ಆಗಲಿಲ್ಲ. ಯಾಕೆ ಗೊತ್ತಾ? ಬಾಣಲೆಯಲ್ಲಿ ಕೈ ಇರೋನು ಸ್ಕ್ರೀನ್ ನೋಡೋ ಹಾಗಿಲ್ಲ, ಕಿವಿಗೆ ಬಿದ್ದದ್ದು ಆ ಕ್ಷಣ ಅರ್ಥ ಆಗಲೇಬೇಕು, ಇಲ್ಲಾಂದ್ರೆ ಅವನಿಗೆ ನಷ್ಟ. ಮತ್ತೆ ಆ ಪೆಟ್ಟಿಗೆಗೆ ಅಂಗಡಿಯವನು ತಿಂಗಳು ತಿಂಗಳು ಬಾಡಿಗೆ ಕಟ್ತಾನೆ, ಅರ್ಥ ಆಗದಿದ್ರೆ ವಾಪಸ್ ಕೊಡ್ತಾನೆ. ಬಾಡಿಗೆ ಕೈತಪ್ಪುತ್ತೆ ಅಂತ ಗೊತ್ತಿದ್ದಾಗ ಕಂಪನಿಗೆ ಕನ್ನಡ ಚೆನ್ನಾಗೇ ಬರುತ್ತೆ.

ಈಗ ಎಲ್ಲರ ಬಾಯಲ್ಲೂ ಎಐ. ಇನ್ನು ಬರೆಯೋದೇ ಬೇಡ, ಮಾತಾಡಿದ್ರೆ ಸಾಕು, ಫೋನೇ ಬರ್ಕೊಳ್ಳುತ್ತೆ ಅಂತಾರೆ. ನಮ್ಮವರಿಗೆ ಇದು ವರ ಆಗಬೇಕು. ಆದ್ರೆ ನಮ್ಮವ್ವ "ಹೊಲಕ್ಕ ಹೋಗ್ಯಾರ, ಹೊತ್ತಾಗಿ ಬರ್ತಾರ" ಅಂದ್ರೆ ಮನೆಯ ಫೋನಿನಲ್ಲಿರೋ ಒಂದು ಆ್ಯಪ್ ಏನೇನೋ ಗೀಚುತ್ತೆ. ನಾನು ಅದಕ್ಕೆ ವಾರ್ತೆ ಓದೋರ ಥರ "ಹೊಲಕ್ಕೆ ಹೋಗಿದ್ದಾರೆ" ಅಂದ್ರೆ ತಪ್ಪಿಲ್ಲದೆ ಬರೆಯುತ್ತೆ. ಅವ್ವ ಆ್ಯಪಿಗೋಸ್ಕರ ಮಾತು ತಿದ್ಕೋಬೇಕಾ? ಬೆಂಗಳೂರಿನ ಐಐಎಸ್‌ಸಿ ಮತ್ತು ಆರ್ಟ್‌ಪಾರ್ಕ್‌ನವರು ಗೂಗಲ್ ನೆರವಿನಿಂದ "ವಾಣಿ" ಅನ್ನೋ ಯೋಜನೆಯಲ್ಲಿ ಜಿಲ್ಲೆ ಜಿಲ್ಲೆಗಳ ಮಾತನ್ನ ರೆಕಾರ್ಡ್ ಮಾಡಿ ಎಲ್ಲರಿಗೂ ತೆರೆದಿಡ್ತಿದ್ದಾರೆ. ರಾಜ್ಯದ ಲೆಕ್ಕ ಬಿಟ್ಟು ಜಿಲ್ಲೆಯ ಲೆಕ್ಕ ಹಿಡಿದದ್ದು ನನಗೆ ಬಹಳ ಸರಿ ಅನ್ನಿಸ್ತು.

ಮಸ್ಕಿಯ ಗೆಳೆಯನ ಜೊತೆ ನಾನು ಒಂದು ಕರಾರು ಮಾಡ್ಕೊಂಡಿದ್ದೀನಿ. ಐವತ್ತು ದಾಟಿದವರು ಫೋನ್ ಕೊಂಡಾಗ ಆ ಮೊದಲ ಸ್ಕ್ರೀನನ್ನ ಅವರ ಕೈಗೇ ಕೊಡಬೇಕು. ಮೆನು ಸಿಗದೆ ಅವನಿಗೆ ತ್ರಾಸಾದ್ರೆ ನನಗೆ ಫೋನ್ ಮಾಡಬೇಕು. ಕಳೆದ ತಿಂಗಳು ನಾಲ್ಕು ಸಲ ಮಾಡಿದ್ದ. ನಾಲ್ಕರಲ್ಲಿ ಮೂರು ಸಲ ಅದು ಎಲ್ಲಿದೆ ಅಂತ ನನಗೂ ಹುಡುಕಿ ಹೇಳಬೇಕಾಯ್ತು, ಆದ್ರೆ ಸಿಕ್ತು.